ಅಂಗಡಿಯಲ್ಲಿ ತಿರುಗಿ ಸಂಘದಲ್ಲಿ ತಿರುಗದ ಡಿಸ್ಕು: ಒಂದು ಪ್ರಕರಣ ಅಧ್ಯಯನ

ಮುಂಬಯಿಯ ಹೊರವಲಯದ ಡೊಂಬಿವಲಿಯಲ್ಲಿರುವ ನಮ್ಮ ಕನ್ನಡ ಸಂಘದ ಕಚೇರಿಯಲ್ಲಿ 2008ರಲ್ಲಿ ಜೋಡಿಸಿದ ಒಂದು ಕಂಪ್ಯೂಟರ್ ಇಂದಿಗೂ ಕೆಲಸ ಮಾಡುತ್ತಿದೆ. ಕಳೆದ ಮಳೆಗಾಲದಲ್ಲಿ ಅದಕ್ಕೆ 4 ಟಿಬಿ ಸಾಮರ್ಥ್ಯದ ಹೊಸ ಹಾರ್ಡ್ ಡಿಸ್ಕ್ ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಒಂದು ಸಂಜೆಯಲ್ಲಿ ಮುಗಿಯಬೇಕಾಗಿದ್ದ ಈ ಕೆಲಸಕ್ಕೆ ಇಪ್ಪತ್ತೆರಡು ದಿನ ಹಿಡಿಯಿತು. ಅಷ್ಟರಲ್ಲಿ ಡಿಸ್ಕು ಎರಡು ಸಲ ಅಂಗಡಿಗೆ ಹೋಗಿ ಬಂದಿತ್ತು, ಮದರ್‌ಬೋರ್ಡ್ ಕೆಟ್ಟಿದೆಯೆಂಬ ಮಾತು ಕಾರ್ಯಕಾರಿ ಸಮಿತಿಯ ನಡಾವಳಿ ಪುಸ್ತಕವನ್ನೂ ಸೇರಿತ್ತು, ಸುಮಾರು 700 ಜಿಬಿಯಷ್ಟು ಧ್ವನಿಮುದ್ರಣಗಳು ಒಂದು ಗುಂಡಿ ಒತ್ತಿದರೆ ಇಲ್ಲವಾಗುವ ಸ್ಥಿತಿಗೆ ಬಂದಿದ್ದವು. ಕಡೆಗೆ ನೋಡಿದರೆ ಡಿಸ್ಕಿನಲ್ಲೂ ದೋಷವಿರಲಿಲ್ಲ, ಮದರ್‌ಬೋರ್ಡಿನಲ್ಲೂ ಇರಲಿಲ್ಲ. ನಾವು ಒಂದೇ ಕಾಯಿಲೆಯೆಂದು ತಿಳಿದದ್ದು ಒಂದರ ಬೆನ್ನಿಗೊಂದು ಬಂದ ಮೂರು ಬೇರೆ ಬೇರೆ ತೊಡಕುಗಳಾಗಿದ್ದವು. ಅವನ್ನು ಬಿಡಿಬಿಡಿಯಾಗಿ ನೋಡದೆ ಹೋದದ್ದೇ ಇಷ್ಟು ತಡವಾಗಲು ಕಾರಣ.

ಯಂತ್ರ ಮತ್ತು ಅದನ್ನು ಬಿಡಲಾಗದ ಕಾರಣ

ಕ್ಯಾಬಿನೆಟ್ಟಿನ ಒಳಗಿರುವುದು ಇಂಟೆಲ್ ಜಿ31 ಚಿಪ್‌ಸೆಟ್ಟಿನ ಮದರ್‌ಬೋರ್ಡ್, ಕೋರ್ 2 ಡ್ಯುಯೊ ಪ್ರೊಸೆಸರ್, 2 ಜಿಬಿ ಮೆಮೊರಿ ಮತ್ತು 160 ಜಿಬಿಯ ಒಂದು ಸಾಟಾ (ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಒಂದು ಪದ್ಧತಿ) ಡಿಸ್ಕು. ಡಿಸ್ಕುಗಳ ವ್ಯವಹಾರ ನೋಡಿಕೊಳ್ಳುವ ಐಸಿಎಚ್7 ಚಿಪ್ಪಿಗೆ ನಾಲ್ಕು ಸಾಟಾ ಡಿಸ್ಕುಗಳನ್ನು ಜೋಡಿಸಬಹುದು. ಅದರ ವೇಗ ಸೆಕೆಂಡಿಗೆ 3 ಗಿಗಾಬಿಟ್. ಯುಎಸ್‌ಬಿ ಮಾತ್ರ ಹಳೆಯ 2.0. ಯಂತ್ರವನ್ನು ಎಬ್ಬಿಸುವುದು ಹಿಂದಿನ ಕಾಲದ ಬಯೋಸ್, ಈಗಿನ ಯುಇಎಫ್‌ಐ ಅಲ್ಲ. ಅದರಲ್ಲಿ 32 ಬಿಟ್‌ನ ವಿಂಡೋಸ್ 7 ಇದೆ. ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2020ರ ಜನವರಿ 14ಕ್ಕೆ ಮುಗಿದದ್ದರಿಂದ ಈ ಯಂತ್ರವನ್ನು ನಾವು ಇಂಟರ್‌ನೆಟ್ಟಿಗೆ ಜೋಡಿಸುವುದಿಲ್ಲ.

ಇಂಥ ಯಂತ್ರವನ್ನು ಇನ್ನೂ ಏಕೆ ಇಟ್ಟುಕೊಂಡಿದ್ದೀರಿ ಎಂದು ಹೊಸ ಸದಸ್ಯರು ಕೇಳುತ್ತಾರೆ. ಸಂಘದ ಗ್ರಂಥಾಲಯದ ದಾಖಲೆ ಡಾಸ್ ಕಾಲದ ಫಾಕ್ಸ್‌ಪ್ರೋ ಎಂಬ ದಾಖಲೆ ನಿರ್ವಹಣಾ ತಂತ್ರಾಂಶದಲ್ಲಿದೆ. ಅದು 16 ಬಿಟ್‌ನ ತಂತ್ರಾಂಶವಾದ್ದರಿಂದ 64 ಬಿಟ್‌ನ ವಿಂಡೋಸಿನಲ್ಲಿ ನೇರವಾಗಿ ನಡೆಯುವುದಿಲ್ಲ. ಪುಸ್ತಕಗಳ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರಗಳಲ್ಲಿವೆ. ಮಳೆ, ಮಲೆ, ಮಾಲೆ ಮೂರೂ ಅಲ್ಲಿ ಒಂದೇ ಪದ. ಯಾವುದು ಯಾವ ಪುಸ್ತಕವೆಂದು ಗ್ರಂಥಾಲಯ ನೋಡಿಕೊಳ್ಳುವ ಅಕ್ಕನವರಿಗೆ ಮಾತ್ರ ಗೊತ್ತು. ಅದನ್ನು ಯುನಿಕೋಡಿಗೆ ಬದಲಾಯಿಸುವುದು ಬೇರೆಯೇ ಕಥೆ. ಅದು ಮುಗಿಯುವ ತನಕ ಯಂತ್ರ ಉಳಿಯಲೇಬೇಕು.

ಹೊಸ ಡಿಸ್ಕಿನ ಅಗತ್ಯ ಬಂದದ್ದು ಕ್ಯಾಸೆಟ್ಟುಗಳಿಂದ. ಸಂಘದ ಕಪಾಟಿನಲ್ಲಿ ತಾಳಮದ್ದಲೆ, ನಾಟಕ ಮತ್ತು ಉಪನ್ಯಾಸಗಳ ಕೆಲವು ನೂರು ಕ್ಯಾಸೆಟ್ಟುಗಳೂ ಕೆಲವು ವಿಡಿಯೊ ಟೇಪುಗಳೂ ಇವೆ. ಮುಂಬಯಿಯ ಮಳೆಗಾಲದ ತೇವಕ್ಕೆ ಟೇಪು ಬೂಷ್ಟು ಹಿಡಿಯುವುದಕ್ಕಿಂತ ಮೊದಲು ಅವನ್ನು ಡಿಜಿಟಲ್ ಮಾಡಬೇಕೆಂದು, ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಹಿರಿಯರೊಬ್ಬರು, ನಾವೆಲ್ಲ ಕರೆಯುವಂತೆ ರಾಯರು, ಎರಡು ವರ್ಷದಿಂದ ಕುಳಿತು ಕೆಲಸ ಮಾಡುತ್ತಿದ್ದಾರೆ. ಸಿಡಿ ಗುಣಮಟ್ಟದ ಧ್ವನಿ ಗಂಟೆಗೆ ಸುಮಾರು 635 ಎಂಬಿ ತಿನ್ನುತ್ತದೆ; ಮಿನಿ ಡಿವಿ ಟೇಪಿನ ವಿಡಿಯೊ ಗಂಟೆಗೆ 13 ಜಿಬಿ. 160 ಜಿಬಿಯ ಡಿಸ್ಕು ಎಂದೋ ತುಂಬಿತ್ತು, ಮಿಕ್ಕದ್ದು ರಾಯರ ಲ್ಯಾಪ್‌ಟಾಪಿನಲ್ಲಿ ಮತ್ತು ಮನೆಮನೆಯ ಪೆನ್‌ಡ್ರೈವುಗಳಲ್ಲಿ ಹರಡಿತ್ತು.

ರಾಯರು ಮುಂಬಯಿಯಲ್ಲಿ ಕಂಪ್ಯೂಟರ್ ಸಾಮಾನಿನ ಅಂಗಡಿಗಳಿರುವ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಡಿಸ್ಕನ್ನೂ ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಲು ಒಂದು ಯುಎಸ್‌ಬಿ ಡಾಕನ್ನೂ ಒಟ್ಟಿಗೆ ಕೊಂಡರು. ಇಪ್ಪತ್ತನಾಲ್ಕು ಗಂಟೆಯೂ ಓಡುವ ಸರ್ವರ್ ದರ್ಜೆಯ ಮಾಲು ಎಂದು ಹೇಳಿದ ಅಂಗಡಿಯವನು, ಡಾಕಿನಲ್ಲೇ ಇಟ್ಟು ಫಾರ್ಮ್ಯಾಟ್ ಮಾಡಿ ಕೊಟ್ಟನು. ರಾಯರು ಮನೆಯಲ್ಲಿ ಒಂದು ವಾರ ಕುಳಿತು 700 ಜಿಬಿಯನ್ನು ಅದಕ್ಕೆ ತುಂಬಿಸಿ, ಜಾಗ ಸಾಲದೆಂದು ಲ್ಯಾಪ್‌ಟಾಪಿನಲ್ಲಿದ್ದ ಮೂಲ ಪ್ರತಿಗಳಲ್ಲಿ ಒಂದು ಭಾಗವನ್ನು ಅಳಿಸಿದರು. ಹೊಸ ಡಿಸ್ಕೆಂದರೆ ಭದ್ರವೆಂಬ ನಂಬಿಕೆ ಅವರೊಬ್ಬರದೇ ಅಲ್ಲ. ನಾನು ಅಲ್ಲಿದ್ದರೂ ತಡೆಯುತ್ತಿದ್ದೆನೆಂದು ಹೇಳಲಾರೆ.

ತಿರುಗದ ಡಿಸ್ಕು

ಡಿಸ್ಕನ್ನು ಕ್ಯಾಬಿನೆಟ್ಟಿಗೆ ಹಾಕಿ ಗುಂಡಿ ಒತ್ತಿದಾಗ ಹಳೆಯ ಡಿಸ್ಕಿನಿಂದ ವಿಂಡೋಸ್ ಎಂದಿನಂತೆ ಎದ್ದಿತು. ಹೊಸ ಡಿಸ್ಕಿನ ಸುಳಿವು ಬಯೋಸಿನಲ್ಲೂ ಇಲ್ಲ, ವಿಂಡೋಸಿನಲ್ಲೂ ಇಲ್ಲ. ಡಾಟಾ ಕೇಬಲ್ ಬದಲಾಯಿಸಿದೆ, ಇನ್ನೊಂದು ಕಿಂಡಿಗೆ ಚುಚ್ಚಿದೆ, ಬಯೋಸಿನ ಸೆಟ್ಟಿಂಗುಗಳನ್ನು ತಿರುವಿ ಹಾಕಿದೆ. ಎರಡು ಸಂಜೆ ಹೀಗೆ ಹೋದ ಮೇಲೆ, ಮೊದಲ ನಿಮಿಷದಲ್ಲಿ ಮಾಡಬೇಕಾಗಿದ್ದ ಕೆಲಸ ಮಾಡಿದೆ: ಡಿಸ್ಕಿನ ಮೈಮೇಲೆ ಬೆರಳಿಟ್ಟು ನೋಡಿದೆ. ಅದು ತಿರುಗುತ್ತಲೇ ಇರಲಿಲ್ಲ. ಸಾಮಾನ್ಯವಾಗಿ ಇಂಥ ಡಿಸ್ಕಿಗೆ ವಿದ್ಯುತ್ತಿನ ಕೇಬಲ್ ಒಂದನ್ನೇ ಕೊಟ್ಟರೂ ಅದು ತಿರುಗಬೇಕು. ತಿರುಗದ ಡಿಸ್ಕಿನ ಮುಂದೆ ಡಾಟಾ ಕೇಬಲ್ ಬದಲಾಯಿಸುತ್ತ ಕೂರುವುದು, ಉಸಿರಾಡದವನಿಗೆ ಕನ್ನಡಕ ತೊಡಿಸಿದ ಹಾಗೆ.

ಡಿಸ್ಕನ್ನು ಟವಲಿನಲ್ಲಿ ಸುತ್ತಿಕೊಂಡು ಲೋಕಲ್ ಹತ್ತಿದೆ. ಡೊಂಬಿವಲಿಯಿಂದ ದಾದರ್, ಅಲ್ಲಿ ಸೇತುವೆ ಹತ್ತಿ ಇಳಿದು ಪಶ್ಚಿಮ ರೈಲ್ವೆಯ ಗಾಡಿಯಲ್ಲಿ ಅಂಗಡಿಗೆ ಹತ್ತಿರದ ಗ್ರಾಂಟ್ ರೋಡ್ ನಿಲ್ದಾಣ. ಬೆಳಗ್ಗಿನ ನೂಕುನುಗ್ಗಲಿನಲ್ಲಿ ಹಾರ್ಡ್ ಡಿಸ್ಕನ್ನು ಎದೆಗವಚಿಕೊಂಡು ನಿಲ್ಲುವುದು ಅಡಿಕೆ ಹಾಳೆಯಲ್ಲಿ ನೀರು ಹೊತ್ತ ಹಾಗೆಯೇ. ಅಂಗಡಿಯವನು ಅದನ್ನು ಡಾಕಿನಲ್ಲಿಟ್ಟ. ಡಿಸ್ಕು ಸರ್ರನೆ ತಿರುಗಿತು. “ಚಲ್ ರಹಾ ಹೈ ನಾ, ಸಾಹೇಬ್” ಎಂದು ನಕ್ಕು, ಹಳೆಯ ಮದರ್‌ಬೋರ್ಡ್ ಇರಬೇಕು, ಬದಲಾಯಿಸಿ ಎಂದ. ಮರಳಿ ತಂದು ಜೋಡಿಸಿದರೆ ಮತ್ತೆ ಮೌನ. ಮುಂದಿನ ವಾರ ರಾಯರೇ ಹೋಗಿ ಬಂದರು, ಫಲ ಅದೇ. ಸಮಿತಿಯಲ್ಲಿ ಹೊಸ ಕಂಪ್ಯೂಟರಿನ ದರಪಟ್ಟಿ ತರಿಸುವ ಮಾತು ಬಂದದ್ದು ಆಗ.

ನನ್ನ ಮುಂದಿನ ಅನುಮಾನ ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ತು ಹಂಚುವ ಡಬ್ಬಿಯಾದ ಎಸ್‌ಎಂಪಿಎಸ್‌ನ ಮೇಲಿತ್ತು. ಈ ಬಗೆಯ ಡಿಸ್ಕು ತಿರುಗಲು ಶುರುಮಾಡುವ ಮೊದಲ ಕ್ಷಣಗಳಲ್ಲಿ 12 ವೋಲ್ಟಿನ ತಂತಿಯಿಂದ ಸುಮಾರು 2 ಆಂಪಿಯರ್ ಎಳೆಯುತ್ತದೆ. ವಯಸ್ಸಾದ ಎಸ್‌ಎಂಪಿಎಸ್ ಅದನ್ನು ತಾಳದಿರಬಹುದು. ಡಿವಿಡಿ ರೈಟರನ್ನೂ ಹಳೆಯ ಡಿಸ್ಕನ್ನೂ ಕಳಚಿ ಹೊಸದೊಂದಕ್ಕೇ ವಿದ್ಯುತ್ತು ಕೊಟ್ಟೆ, ತಿರುಗಲಿಲ್ಲ. ಮಲ್ಟಿಮೀಟರಿನಲ್ಲಿ ಹಳದಿ ತಂತಿ 12.04 ವೋಲ್ಟ್, ಕೆಂಪು ತಂತಿ 5.1 ವೋಲ್ಟ್ ತೋರಿಸಿತು; ಎರಡೂ ಸರಿಯೇ. ಆಮೇಲೆ ಹೊಸ ಡಿಸ್ಕಿಗೆ ಹಾಕಿದ್ದ ಅದೇ ಪ್ಲಗ್ಗನ್ನು ಹಳೆಯ ಡಿಸ್ಕಿಗೆ ಚುಚ್ಚಿದೆ. ಅದು ತಕ್ಷಣ ತಿರುಗಿತು. ಆದ್ದರಿಂದ ಪ್ಲಗ್ ಸರಿ ಇದೆ ಎಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಈ ಪ್ರಕರಣದಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಆ ಸಾಲು. ಪರೀಕ್ಷೆ ಸರಿಯಾಗಿತ್ತು, ಅದರಿಂದ ತೆಗೆದ ತೀರ್ಮಾನ ತಪ್ಪಾಗಿತ್ತು. ಹಳೆಯ ಡಿಸ್ಕಿಗೆ ಒಗ್ಗಿದ್ದು ಹೊಸ ಡಿಸ್ಕಿಗೂ ಒಗ್ಗುತ್ತದೆಂದು ಆ ಪರೀಕ್ಷೆ ಎಲ್ಲಿಯೂ ಹೇಳಿರಲಿಲ್ಲ.

ದಾರಿ ತೆರೆದದ್ದು ಡಾಕನ್ನೂ ಕ್ಯಾಬಿನೆಟ್ಟನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ. ಡಾಕಿನಲ್ಲಿ ತಿರುಗುವ ಡಿಸ್ಕು ಕ್ಯಾಬಿನೆಟ್ಟಿನಲ್ಲಿ ತಿರುಗದಿದ್ದರೆ ಡಾಕಿನಲ್ಲಿ ಸಿಗುವ ಯಾವುದೋ ಒಂದು ಕ್ಯಾಬಿನೆಟ್ಟಿನಲ್ಲಿ ಸಿಗುತ್ತಿಲ್ಲವೆಂದೇ ನಾನು ಅಷ್ಟು ದಿನ ಹುಡುಕುತ್ತಿದ್ದೆ. ಅದನ್ನು ಮಗುಚಿ ಕೇಳಿದರೆ ಹೇಗೆ? ಡಾಕಿನಲ್ಲಿ ಇಲ್ಲದ ಯಾವುದು ಕ್ಯಾಬಿನೆಟ್ಟಿನಲ್ಲಿ ಹೆಚ್ಚಾಗಿ ಬರುತ್ತಿದೆ? ಎಸ್‌ಎಂಪಿಎಸ್‌ನಿಂದ ಬರುವ ಸಾಟಾ ಪ್ಲಗ್ಗಿಗೆ ಐದು ತಂತಿಗಳಿದ್ದವು: ಹಳದಿ, ಕೆಂಪು, ಎರಡು ಕಪ್ಪು, ಇನ್ನೊಂದು ಕಿತ್ತಳೆ. ಆ ಕಿತ್ತಳೆ ತಂತಿಯಲ್ಲಿ 3.3 ವೋಲ್ಟ್ ಇತ್ತು.

ಸಾಟಾ ವಿದ್ಯುತ್ ಪ್ಲಗ್ಗಿನಲ್ಲಿ ಹದಿನೈದು ಪಿನ್‌ಗಳಿವೆ. ಮೊದಲ ಮೂರು ಪಿನ್‌ಗಳನ್ನು ಆರಂಭದಲ್ಲಿ 3.3 ವೋಲ್ಟಿಗೆಂದು ಮೀಸಲಿಟ್ಟಿದ್ದರು. ಮೇಜಿನ ಕಂಪ್ಯೂಟರಿನ ದೊಡ್ಡ ಡಿಸ್ಕುಗಳು 5 ಮತ್ತು 12 ವೋಲ್ಟಿನಲ್ಲೇ ಕೆಲಸ ಮುಗಿಸುವುದರಿಂದ ಆ ಮೂರು ಪಿನ್‌ಗಳಲ್ಲಿ ಏನು ಬಂದರೂ ಹಳೆಯ ಡಿಸ್ಕುಗಳು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. 2016ರಲ್ಲಿ ಬಂದ ಸಾಟಾ 3.3 ಪರಿಷ್ಕರಣೆ ಈ ಖಾಲಿ ಬಿದ್ದ ಜಾಗದಲ್ಲಿ ಮೂರನೆಯ ಪಿನ್ನಿಗೆ ಹೊಸ ಕೆಲಸ ಕೊಟ್ಟಿತು. ಸಾವಿರಾರು ಡಿಸ್ಕುಗಳಿರುವ ಸರ್ವರ್ ಕೋಣೆಗಳಲ್ಲಿ ಹಟ ಹಿಡಿದ ಒಂದು ಡಿಸ್ಕನ್ನು ಕೈಯಿಂದ ಕಳಚದೆ ದೂರದಿಂದಲೇ ಆರಿಸಿ ಹಚ್ಚಲು ಅನುಕೂಲವಾಗಲೆಂದು, ಮೂರನೆಯ ಪಿನ್ನಿನಲ್ಲಿ ವೋಲ್ಟೇಜ್ ಇರುವಷ್ಟು ಹೊತ್ತು ಡಿಸ್ಕು ಆರಿರಬೇಕು ಎಂಬ ವ್ಯವಸ್ಥೆ ಮಾಡಿದರು. ಸರ್ವರ್ ದರ್ಜೆಯ ಕೆಲವು ಡಿಸ್ಕುಗಳಲ್ಲಿ ಈ ಸೌಲಭ್ಯವಿದೆ. ನಮ್ಮ ಡಿಸ್ಕಿನ ಮಾದರಿ ಸಂಖ್ಯೆ ಹಿಡಿದು ತಯಾರಕರ ತಾಂತ್ರಿಕ ವಿವರಗಳ ಹಾಳೆ ತೆಗೆದು ನೋಡಿದರೆ, ಅದರಲ್ಲಿಯೂ ಈ ಸೌಲಭ್ಯವಿದೆಯೆಂಬ ಒಂದು ಸಾಲಿತ್ತು. ಎಂದರೆ 2008ರ ನಮ್ಮ ಎಸ್‌ಎಂಪಿಎಸ್, ಅಂದಿನ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ 3.3 ವೋಲ್ಟ್ ಕೊಡುತ್ತಿತ್ತು. ಹೊಸ ಡಿಸ್ಕು ಇಂದಿನ ನಿಯಮವನ್ನು ಪಾಲಿಸಿ ಅದನ್ನು ಆರಿರು ಎಂಬ ಆಜ್ಞೆಯಾಗಿ ತೆಗೆದುಕೊಂಡು ಸುಮ್ಮನೆ ಕುಳಿತಿತ್ತು. ಡಾಕಿನಲ್ಲಿ 3.3 ವೋಲ್ಟ್ ಬರುತ್ತಿರಲಿಲ್ಲವಾದ್ದರಿಂದ ಅಂಗಡಿಯಲ್ಲಿ ಅದು ತಿರುಗುತ್ತಿತ್ತು. ಅಂಗಡಿಯವನೂ ಸುಳ್ಳು ಹೇಳಿರಲಿಲ್ಲ, ನಾವೂ ಹೇಳಿರಲಿಲ್ಲ.

ಪರಿಹಾರಕ್ಕೆ ಎರಡು ದಾರಿಗಳಿದ್ದವು. ಶಾಖ ತಡೆಯುವ, ವಿದ್ಯುತ್ತು ಹಾಯಿಸದ ಕ್ಯಾಪ್ಟಾನ್ (Kapton) ಟೇಪಿನ ಎಳೆಯಷ್ಟು ತುಂಡಿನಿಂದ ಡಿಸ್ಕಿನ ಮೂರನೆಯ ಪಿನ್ ಮುಚ್ಚುವುದು ಒಂದು. ಹಳೆಯ ನಾಲ್ಕು ಪಿನ್ನಿನ ಮೋಲೆಕ್ಸ್ ಪ್ಲಗ್ಗಿನಿಂದ ಸಾಟಾಗೆ ಬದಲಾಯಿಸುವ ಕೇಬಲ್ ಹಾಕುವುದು ಇನ್ನೊಂದು. ಮೋಲೆಕ್ಸ್‌ನಲ್ಲಿ 3.3 ವೋಲ್ಟಿನ ತಂತಿಯೇ ಇಲ್ಲ. ಮುಂದೆ ಯಾರಾದರೂ ಡಿಸ್ಕು ಕಳಚಿ ಹಾಕುವಾಗ ಟೇಪು ಕಿತ್ತುಹೋಗಬಹುದೆಂದು ನಾನು ಕೇಬಲ್ಲನ್ನೇ ಆರಿಸಿಕೊಂಡೆ. ಇಲ್ಲಿ ಒಂದು ಎಚ್ಚರ ಬೇಕು: ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದ ಅಗ್ಗದ ಪ್ಲಗ್ಗುಗಳ ಒಳಗೆ ತಂತಿಗಳು ಒಂದಕ್ಕೊಂದು ತಾಗಿ ಸುಟ್ಟುಹೋದ ಉದಾಹರಣೆಗಳು ಸಾಕಷ್ಟಿವೆ. ತಂತಿಗಳು ಬಿಡಿಬಿಡಿಯಾಗಿ ಕಾಣುವಂತೆ ಒತ್ತಿ ಕೂರಿಸಿದ ಬಗೆಯ ಪ್ಲಗ್ಗನ್ನೇ ಕೇಳಿ ತೆಗೆದುಕೊಂಡೆ, ಅರವತ್ತು ರೂಪಾಯಿ. ಅದನ್ನು ಹಾಕಿ ಗುಂಡಿ ಒತ್ತಿದಾಗ ಬೆರಳಿನ ಕೆಳಗೆ ಡಿಸ್ಕು ನಡುಗಿತು.

ಒಂದು ಡಿಸ್ಕಿಗೆ ಮೂರು ಅಳತೆ

ಸಂತೋಷ ಐದು ನಿಮಿಷವೂ ಉಳಿಯಲಿಲ್ಲ. ಡಿಸ್ಕಿನ ಮೇಲಿನ ಚೀಟಿಯಲ್ಲಿ 4 ಟಿಬಿ ಎಂದಿದೆ. ಬಯೋಸ್ 1801 ಜಿಬಿ ಎಂದು ತೋರಿಸಿತು. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ 465.75 ಜಿಬಿಯ ಒಂದು ವಿಭಾಗ ಮಾತ್ರ ಇತ್ತು, ಅದೂ ಯಾವ ಫೈಲ್ ವ್ಯವಸ್ಥೆಯೂ ಇಲ್ಲದ ಹಸಿ ವಿಭಾಗವಾಗಿ. ಉಳಿದದ್ದೆಲ್ಲ ಹಂಚಿಕೆಯಾಗದ ಜಾಗ. ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ ಎಂದು ವಿಂಡೋಸ್ ಕೇಳಿತು. ಪಕ್ಕದಲ್ಲಿದ್ದ ಕಾರ್ಯದರ್ಶಿಗಳು “ಮಾಡ್ಲಾ ಅಂತ ಕೇಳ್ತಾ ಉಂಟು, ಕೊಟ್ಟುಬಿಡುವಾ?” ಎನ್ನುತ್ತ ಮೌಸ್ ಹಿಡಿದರು. “ಬೇಡ, ದಯವಿಟ್ಟು ಕೈ ತೆಗೆಯಿರಿ” ಎಂದು ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಯಿತು. ರಾಯರ ಮುಖ ಬಿಳಿಚಿಕೊಂಡಿತ್ತು.

ಯಂತ್ರ ಆರಿಸಿ, ಚಹಾ ತರಿಸಿ, ಕಾಗದದ ಮೇಲೆ ಲೆಕ್ಕ ಹಾಕಲು ಕುಳಿತೆ. ಡಿಸ್ಕಿನ ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ 500 ಜಿಬಿಯ ಡಿಸ್ಕು ವಿಂಡೋಸಿನಲ್ಲಿ ಕಾಣುವುದು ಹೆಚ್ಚುಕಡಿಮೆ 465 ಎಂದೇ. 500 ಎಂದರೆ 4000ದ ಎಂಟನೇ ಒಂದು ಪಾಲು. ಹೀಗೆ ಸರಿಯಾಗಿ ಎಂಟನೇ ಒಂದು ಪಾಲು ಬಂದದ್ದು ಕಾಕತಾಳೀಯ ಆಗಿರಲಾರದು; ಕೆಟ್ಟ ಡಿಸ್ಕು ಇಷ್ಟು ಶಿಸ್ತಾಗಿ ಕೆಡುವುದಿಲ್ಲ.

ಡಿಸ್ಕಿನ ಜಾಗವನ್ನು ಸೆಕ್ಟರ್ ಎಂಬ ಗೂಡುಗಳಲ್ಲಿ ಎಣಿಸುತ್ತಾರೆ. ಬಹುಕಾಲದಿಂದ ಒಂದು ಗೂಡು ಎಂದರೆ 512 ಬೈಟು. ಹಳೆಯ ಎಂಬಿಆರ್ ಪದ್ಧತಿಯ ವಿಭಾಗಪಟ್ಟಿಯಲ್ಲಿ ಗೂಡಿನ ಸಂಖ್ಯೆ ಬರೆಯಲು 32 ಬಿಟ್ ಮಾತ್ರ ಇರುವುದರಿಂದ ಸುಮಾರು 2.2 ಟಿಬಿ, ವಿಂಡೋಸಿನ ಲೆಕ್ಕದಲ್ಲಿ 2048 ಜಿಬಿ ದಾಟಿ ಎಣಿಸಲಾಗದು. ಈ ಮಿತಿಯನ್ನು ಉಪಾಯದಿಂದ ದಾಟಲು ಕೆಲವು ಯುಎಸ್‌ಬಿ ಡಾಕುಗಳು ಎಂಟೆಂಟು ಗೂಡುಗಳನ್ನು ಸೇರಿಸಿ 4096 ಬೈಟಿನ ಒಂದೇ ಗೂಡೆಂದು ಕಂಪ್ಯೂಟರಿಗೆ ಹೇಳುತ್ತವೆ. ಗೂಡಿನ ಗಾತ್ರ ಎಂಟು ಪಟ್ಟಾದರೆ ಮಿತಿಯೂ ಎಂಟು ಪಟ್ಟಾಗುತ್ತದೆ. ಅಂಗಡಿಯವನು ಫಾರ್ಮ್ಯಾಟ್ ಮಾಡಿದ್ದು ಇಂಥ ಡಾಕಿನಲ್ಲಿ. ವಿಭಾಗವು ಸುಮಾರು 97.67 ಕೋಟಿ ಗೂಡುಗಳಷ್ಟು ಉದ್ದವೆಂದು ಡಿಸ್ಕಿನ ಮೊದಲ ಪುಟದಲ್ಲಿ ಬರೆದಿತ್ತು. ಡಾಕಿನ ಮೂಲಕ ಓದಿದಾಗ ಪ್ರತಿ ಗೂಡೂ 4096 ಬೈಟು, ಒಟ್ಟು 4 ಟಿಬಿ. ಡಿಸ್ಕನ್ನು ಮದರ್‌ಬೋರ್ಡಿಗೆ ನೇರವಾಗಿ ಜೋಡಿಸಿದೊಡನೆ ಮಧ್ಯವರ್ತಿ ಹೋಯಿತು, ಗೂಡು ಮತ್ತೆ 512 ಬೈಟಾಯಿತು, ಅದೇ ಸಂಖ್ಯೆಯ ಅರ್ಥ 500 ಜಿಬಿಗೆ ಇಳಿಯಿತು. ಸೇರಿನಲ್ಲಿ ಅಳೆದು ಬರೆದ ಲೆಕ್ಕವನ್ನು ಪಾವಿನಲ್ಲಿ ಓದಿದಂತಾಯಿತು. ವಿಭಾಗ ಶುರುವಾಗುವ ಜಾಗವೂ ಹಾಗೆಯೇ ತಪ್ಪಾಗಿ ಕಂಡದ್ದರಿಂದ ಅಲ್ಲಿ ಫೈಲ್ ವ್ಯವಸ್ಥೆಯ ಗುರುತು ಸಿಗಲಿಲ್ಲ. ಹಸಿ ವಿಭಾಗವೆಂದು ತೋರಿದ್ದು ಅದಕ್ಕೆ. ಮಾಹಿತಿಯೆಲ್ಲ ಇದ್ದಲ್ಲೇ ಇತ್ತು.

ಬಯೋಸಿನ 1801ರ ಲೆಕ್ಕ ಬೇರೆ. ಅದು ಗೂಡುಗಳನ್ನು 32 ಬಿಟ್ಟಿನಲ್ಲೇ ಎಣಿಸಿ, 2.2 ಟಿಬಿ ಆದೊಡನೆ ಹಳೆಯ ಸ್ಕೂಟರಿನ ಮೀಟರಿನಂತೆ ಸೊನ್ನೆಗೆ ತಿರುಗಿ, ಮತ್ತೆ ಎಣಿಸಿ 1801ಕ್ಕೆ ನಿಂತಿತ್ತು. 2199ನ್ನು 1801ಕ್ಕೆ ಕೂಡಿಸಿದರೆ 4000 ಸಿಗುತ್ತದೆ. ವಿಂಡೋಸ್ ಒಮ್ಮೆ ಎದ್ದ ಮೇಲೆ ಡಿಸ್ಕಿನೊಡನೆ ತನ್ನದೇ ಡ್ರೈವರಿನ ಮೂಲಕ ಮಾತಾಡುವುದರಿಂದ ಈ ತಪ್ಪು ಲೆಕ್ಕ ಅದಕ್ಕೆ ಅಂಟುವುದಿಲ್ಲ. ಆದರೆ ಯಂತ್ರವನ್ನು ಎಬ್ಬಿಸುವ ಡಿಸ್ಕಾಗಿ ಇದನ್ನು ಬಳಸುವ ಆಸೆಯನ್ನು ಬಿಡಲೇಬೇಕಾಯಿತು. 4 ಟಿಬಿಯನ್ನು ಪೂರ್ತಿ ಬಳಸಲು ಎಂಬಿಆರ್ ಬದಲು ಆ ಮಿತಿಯಿಲ್ಲದ ಹೊಸ ಜಿಪಿಟಿ ಪದ್ಧತಿಯ ವಿಭಾಗಪಟ್ಟಿ ಬೇಕು; ಹಳೆಯ ಬಯೋಸಿನ ಯಂತ್ರದಲ್ಲಿ ಅಂಥ ಡಿಸ್ಕಿನಿಂದ ವಿಂಡೋಸ್ 7 ಏಳುವುದಿಲ್ಲ. ಮಾಹಿತಿ ಇಡಲು ಮಾತ್ರ ಅದನ್ನು ಧಾರಾಳವಾಗಿ ಬಳಸಬಹುದು.

ಡಿಸ್ಕನ್ನು ಶಾಶ್ವತವಾಗಿ ಡಾಕಿನಲ್ಲೇ ಇಟ್ಟು ಬಳಸಿದರಾಗದೇ ಎಂದು ಕಾರ್ಯದರ್ಶಿಗಳು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಆದರೆ ಈ ಯಂತ್ರದ ಯುಎಸ್‌ಬಿ 2.0ರಲ್ಲಿ ಸೆಕೆಂಡಿಗೆ 30 ಎಂಬಿ ದಾಟುವುದು ಕಷ್ಟ; ಸಾಟಾದಲ್ಲಿ ಡಿಸ್ಕಿನ ಪೂರ್ತಿ ವೇಗ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನಾಳೆ ಡಾಕು ಕೆಟ್ಟು ಬೇರೆ ಬಗೆಯ ಡಾಕು ತಂದರೆ ಅದೂ ಇದೇ ಎಂಟರ ಲೆಕ್ಕ ಇಟ್ಟುಕೊಂಡಿರುತ್ತದೆಂಬ ಭರವಸೆ ಇಲ್ಲ. ಸಂಘದ ನೆನಪನ್ನೆಲ್ಲ ಇನ್ನೂರು ಗ್ರಾಮಿನ ಪ್ಲಾಸ್ಟಿಕ್ ಡಬ್ಬಿಯ ಮರ್ಜಿಗೆ ಬಿಡುವುದು ನನಗೆ ಒಪ್ಪಿಗೆಯಾಗಲಿಲ್ಲ.

ಆದ್ದರಿಂದ ಡಿಸ್ಕನ್ನು ಮತ್ತೆ ರಾಯರ ಮನೆಗೆ ಒಯ್ದು ಅದೇ ಡಾಕಿನಲ್ಲಿಟ್ಟೆವು. ಫೈಲುಗಳೆಲ್ಲ ಇದ್ದವು. ಸದಸ್ಯರೊಬ್ಬರ 1 ಟಿಬಿ ಹೊರಡಿಸ್ಕನ್ನು ಎರವಲು ತಂದು 700 ಜಿಬಿಯನ್ನೂ ಅದಕ್ಕೆ ಇಳಿಸಿದೆವು, ಎರಡೂ ಕಡೆಯ ಫೈಲುಗಳ ಹ್ಯಾಶ್ (ಫೈಲಿನ ಒಳಗಿನದರಿಂದ ಲೆಕ್ಕ ಹಾಕುವ, ಬೆರಳಚ್ಚಿನಂಥ ಗುರುತು) ತೆಗೆದು ಹೋಲಿಸಿದೆವು, ಒಂದೂ ತಪ್ಪಿರಲಿಲ್ಲ. ಅನಂತರ ಡಿಸ್ಕನ್ನು ಕ್ಯಾಬಿನೆಟ್ಟಿಗೆ ಹಾಕಿ, ಹಳೆಯ ವಿಭಾಗಪಟ್ಟಿ ಅಳಿಸಿ, ಜಿಪಿಟಿ ಪದ್ಧತಿಯಲ್ಲಿ ಒಂದೇ ವಿಭಾಗ ಮಾಡಿದೆ. ವಿಂಡೋಸ್ 3726 ಜಿಬಿ ತೋರಿಸಿತು. 4 ಟಿಬಿಗೆ ಅದೇ ಸರಿಯಾದ ಲೆಕ್ಕ.

ಅಷ್ಟಕ್ಕೇ ನಂಬಿ ಮಾಹಿತಿ ತುಂಬಲಿಲ್ಲ. ಎಲ್ಲೋ ಒಂದು ಕಡೆ 32 ಬಿಟ್ಟಿನ ಎಣಿಕೆ ಉಳಿದುಕೊಂಡಿದ್ದರೆ 2.2 ಟಿಬಿ ದಾಟಿದ ಮೇಲೆ ಬರೆದದ್ದು ಸುತ್ತು ಹೊಡೆದು ಡಿಸ್ಕಿನ ಆರಂಭದಲ್ಲಿರುವ ಫೈಲುಗಳ ಮೇಲೆಯೇ ಬೀಳುತ್ತದೆ. ಆ ದಿನದವರೆಗೆ ಯಾವ ಸೂಚನೆಯೂ ಇರುವುದಿಲ್ಲ. ಆದ್ದರಿಂದ ಇಡೀ ಡಿಸ್ಕನ್ನು ಪರೀಕ್ಷಾ ಫೈಲುಗಳಿಂದ ತುಂಬಿಸಿ, ಮತ್ತೆ ಮೊದಲಿನಿಂದ ಓದಿಸಿ ನೋಡಿದೆ. ಬರೆಯಲು ಒಂದು ಹಗಲು, ಓದಲು ಒಂದು ರಾತ್ರಿ ಹಿಡಿಯಿತು. ತಪ್ಪು ಸೊನ್ನೆ. ಆಮೇಲಷ್ಟೇ ಧ್ವನಿಮುದ್ರಣಗಳು ಒಳಗೆ ಹೋದವು.

ಮೂರನೆಯದು

ಎಲ್ಲ ಮುಗಿಯಿತೆಂದುಕೊಂಡ ಮರುದಿನ ಬೆಳಗ್ಗೆ ಅಕ್ಕನವರ ಫೋನು: ಕಪ್ಪು ಪರದೆಯ ಮೇಲೆ, ಡಿಸ್ಕಿನಿಂದ ಏಳಲಾಗಲಿಲ್ಲ, ಸಿಸ್ಟಮ್ ಡಿಸ್ಕ್ ಹಾಕಿ ಎಂಬ ಇಂಗ್ಲಿಷ್ ಸಾಲು. ಹೊಸ ಡಿಸ್ಕು ಹಾಕಿದ್ದರಿಂದಲೇ ಹೀಗಾಯಿತೆಂದು ಸಂಘದಲ್ಲಿ ಎಲ್ಲರೂ ಒಮ್ಮತಕ್ಕೆ ಬಂದಿದ್ದರು. ಹೋಗಿ ನೋಡಿದರೆ ಬಯೋಸಿನ ಗಡಿಯಾರ 2008ರ ಜನವರಿ 1 ಎಂದು ತೋರಿಸುತ್ತಿತ್ತು. ರಾತ್ರಿ ಮಳೆಗೆ ಕರೆಂಟು ಹೋಗಿತ್ತು. ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ, ಸಿಆರ್2032, 3 ವೋಲ್ಟ್ ಇರಬೇಕಾದದ್ದು 2.4ಕ್ಕೆ ಇಳಿದಿತ್ತು. ನೆನಪು ಕಳೆದುಕೊಂಡ ಬಯೋಸ್ ತನ್ನ ಮೂಲ ಸೆಟ್ಟಿಂಗಿಗೆ ಮರಳಿ, ಎರಡು ಡಿಸ್ಕುಗಳಲ್ಲಿ ಹೊಸದನ್ನು ಮೊದಲು ಹಿಡಿದು, ಅದರಲ್ಲಿ ವಿಂಡೋಸ್ ಕಾಣದೆ ನಿಂತಿತ್ತು. ಒಂದೇ ಡಿಸ್ಕು ಇದ್ದಷ್ಟು ಕಾಲ ಬಯೋಸಿಗೆ ಬೇರೆ ಆಯ್ಕೆಯೇ ಇರಲಿಲ್ಲವಾದ್ದರಿಂದ ಬ್ಯಾಟರಿ ಸೊರಗಿದ್ದು ಯಾರಿಗೂ ತಿಳಿದಿರಲಿಲ್ಲ. ಆಗಾಗ ಗಡಿಯಾರ ಹಿಂದೆ ಹೋಗುತ್ತದೆಂದು ಅಕ್ಕನವರು ಒಂದು ವರ್ಷದಿಂದ ಹೇಳುತ್ತಿದ್ದರು. ನಾನೇ ಕಿವಿಗೆ ಹಾಕಿಕೊಂಡಿರಲಿಲ್ಲ. ನಲವತ್ತು ರೂಪಾಯಿಯ ಬ್ಯಾಟರಿ ಹಾಕಿ, ಹಳೆಯ ಡಿಸ್ಕನ್ನು ಮೊದಲ ಸ್ಥಾನಕ್ಕೆ ತಂದೆ.

ಎರವಲು ತಂದ 1 ಟಿಬಿ ಡಿಸ್ಕನ್ನು ಸದಸ್ಯರು ಸಂಘಕ್ಕೇ ಬಿಟ್ಟುಕೊಟ್ಟರು. ಧ್ವನಿಮುದ್ರಣಗಳ ಎರಡನೆಯ ಪ್ರತಿ ಈಗ ಅದರಲ್ಲಿ ರಾಯರ ಮನೆಯಲ್ಲಿದೆ. 160 ಜಿಬಿಯ ಹಳೆಯ ಡಿಸ್ಕಿನ ಪಡಿಯಚ್ಚನ್ನು ಒಂದು ಚಿಕ್ಕ ಎಸ್‌ಎಸ್‌ಡಿಗೆ ಇಳಿಸುವ ಕೆಲಸ ದೀಪಾವಳಿ ರಜೆಗೆ ಮುಂದೂಡಿದೆ. ಕ್ಯಾಬಿನೆಟ್ಟಿನ ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿದ್ದೇನೆ: ಹೊಸ ಡಿಸ್ಕಿಗೆ ಕಿತ್ತಳೆ ತಂತಿಯಿರುವ ಪ್ಲಗ್ ಹಾಕಬಾರದು, ಅದನ್ನು ಯುಎಸ್‌ಬಿ ಡಾಕಿನಲ್ಲಿಟ್ಟಾಗ ಫಾರ್ಮ್ಯಾಟ್ ಕೇಳಿದರೆ ಬೇಡವೆನ್ನಬೇಕು, ಬಯೋಸಿನಲ್ಲಿ 1801 ಎಂದು ಕಂಡರೆ ಗಾಬರಿ ಬೇಡ. ಹೊಸ ಕಂಪ್ಯೂಟರಿನ ದರಪಟ್ಟಿ ತರಿಸುವ ವಿಷಯವನ್ನು ಮುಂದಿನ ಸಭೆಯಲ್ಲಿ ಕೈಬಿಡಲಾಯಿತು.